ಏಳು ಮಂದಿಯ ಮೋಟಾರು: ಒಳಗಣ ಸ್ಥಳವನ್ನು ಅಳೆಯುವ ಬಗೆ

ಏಳು ಮಂದಿ ಕುಳಿತುಕೊಳ್ಳತಕ್ಕ ಕಾರು ಎಂಬ ಮಾತಿನಲ್ಲಿ ಏಳು ಎಂಬುದು ಎಣಿಕೆಯೇ ಹೊರತು ಅಳತೆಯಲ್ಲ. ಏಳು ಸೀಟುಗಳಿವೆ, ಏಳು ಬೆಲ್ಟುಗಳಿವೆ ಎಂಬಷ್ಟನ್ನು ಮಾತ್ರ ಅದು ತಿಳಿಸುತ್ತದೆ. ಆ ಸೀಟುಗಳಲ್ಲಿ ಎಂಥ ಮೈಕಟ್ಟಿನವರು ಕುಳಿತಾರು, ಎಷ್ಟು ಹೊತ್ತು ಕುಳಿತಾರು, ಅವರ ಗಂಟುಮೂಟೆಗಳಿಗೆ ಎಡೆಯೆಲ್ಲಿ ಎಂಬ ಪ್ರಶ್ನೆಗಳಿಗೆ ಆ ಅಂಕಿಯಲ್ಲಿ ಉತ್ತರವಿಲ್ಲ. ನಮ್ಮ ಮುಂಬಯಿಯ ಬೀದಿಗಳಲ್ಲಿ ಮೂರು ಸಾಲು ಸೀಟುಗಳ ದೊಡ್ಡ ಗಾಡಿಗಳು ಈಗ ಎಲ್ಲೆಲ್ಲಿಯೂ ಕಾಣುತ್ತವೆ. ಎಸ್‌ಯುವಿ ಎಂಬ ಇಂಗ್ಲಿಷಿನ ಮೂರಕ್ಷರದ ಹೆಸರು ನಿಮ್ಮೆಲ್ಲರ ಬಾಯಲ್ಲಿಯೂ ಇದೆ. ಅವುಗಳ ಚಿತ್ರವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯುವ ಹುಡುಗರು ನಮ್ಮ ಶಾಲೆಯಲ್ಲಿ ಕಡಿಮೆಯಿಲ್ಲ. ಆದರೆ ಚಿತ್ರದಲ್ಲಿ ಬರುವುದು ಹೊರಮೈ. ನಾವು ಕುಳಿತುಕೊಳ್ಳುವುದು ಒಳಗೆ.

ಇಂಥ ವಿಷಯಕ್ಕೆ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಸ್ಥಾನವೇಕೆ ಎಂದು ಕೆಲವರು ಕೇಳಬಹುದು. ಕಾರಣ ಸರಳವಾದುದು. ವಿದ್ಯಾರ್ಥಿಗಳೇ, ಮೂರನೆಯ ಸಾಲಿನಲ್ಲಿ ಕುಳಿತುಕೊಳ್ಳುವವರು ನೀವು. ಗಾಡಿಯನ್ನು ಕೊಳ್ಳುವವರು ಮುಂದಿನ ಸಾಲಿನಲ್ಲಿ ಕುಳಿತು ಸ್ಟೇರಿಂಗನ್ನು ಹಿಡಿದು ನೋಡುತ್ತಾರೆ. ಎರಡನೆಯ ಸಾಲಿನಲ್ಲಿ ಮನೆಯ ಹಿರಿಯರು ಒಮ್ಮೆ ಕುಳಿತೇಳುತ್ತಾರೆ. ಮೂರನೆಯ ಸಾಲನ್ನು ಬಾಗಿ ನೋಡಿ, "ಮಕ್ಕಳಿಗೆ ಸಾಕು" ಎಂದುಬಿಡುತ್ತಾರೆ. ಹೋಟೆಲಿನಲ್ಲೋ ಕಾರಖಾನೆಯಲ್ಲೋ ಕಚೇರಿಯಲ್ಲೋ ಹತ್ತು ಹದಿನೈದು ವರ್ಷ ದುಡಿದು ಕೂಡಿಟ್ಟ ಹಣ ಅದು. ಮೇ ತಿಂಗಳ ರಜೆಯಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಊರಿಗೆ ಹೋಗಬೇಕೆಂಬುದೇ ಆ ಖರ್ಚಿನ ಉದ್ದೇಶ. ಗಾಡಿ ಮನೆಗೆ ಬಂದ ಮೇಲೆ ಅಜ್ಜಿಗೆ ಹತ್ತಲಾಗದೆ, ಪೆಟ್ಟಿಗೆಗಳಿಗೆ ಜಾಗವಿಲ್ಲದೆ, ಇಬ್ಬರು ರೈಲಿನಲ್ಲಿ ಹೋಗಬೇಕಾದರೆ ಆ ಉದ್ದೇಶವೇ ಕೆಟ್ಟಿತು. ಹೀಗಾಗಿ ಅಳೆಯುವ ವಿದ್ಯೆಯನ್ನು ನೀವು ಕಲಿತು ಹಿರಿಯರಿಗೆ ನೆರವಾಗುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ಮೊದಲು ಹೊರಗಿನ ಅಳತೆಯನ್ನು ನೋಡೋಣ. ದೊಡ್ಡ ಗಾಡಿಯ ಒಳಗೆ ದೊಡ್ಡ ಸ್ಥಳವಿರುವುದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಹಳ್ಳಿಯ ಹಳೆಯ ಮಣ್ಣಿನ ಮನೆಗಳನ್ನು ನೆನಪಿಗೆ ತಂದುಕೊಳ್ಳಿರಿ. ಹೊರಗಿನಿಂದ ಭಾರಿ ಮನೆ; ಒಳಗೆ ಹೊಕ್ಕರೆ ಗೋಡೆಗಳೇ ಮೊಳದಷ್ಟು ದಪ್ಪವಿದ್ದು ಕೋಣೆಗಳು ಕಿರಿದಾಗಿರುತ್ತವೆ. ಗಾಡಿಗಳಲ್ಲಿಯೂ ಹೀಗೆ ಎರಡು ಬಗೆಯ ಕಟ್ಟಡಗಳುಂಟು. ಒಂದು ಬಗೆಯಲ್ಲಿ ಏಣಿಯ ಆಕಾರದ ಉಕ್ಕಿನ ಚೌಕಟ್ಟನ್ನು ಮೊದಲು ಮಾಡಿ, ಅದರ ಮೇಲೆ ಮೈಯನ್ನು ಕೂರಿಸುತ್ತಾರೆ. ಇದನ್ನೇ ಏಣಿ ಚಾಸಿಸ್ ಎನ್ನುವರು. ಲಾರಿಗಳೂ ಹಳೆಯ ಜೀಪುಗಳೂ ಈ ಬಗೆಯವು. ಇನ್ನೊಂದು ಬಗೆಯಲ್ಲಿ ಪ್ರತ್ಯೇಕ ಚೌಕಟ್ಟೇ ಇಲ್ಲ. ನೆಲ, ಕಂಬ, ಮಾಡು ಎಲ್ಲವೂ ಸೇರಿ ಒಂದೇ ಪೆಟ್ಟಿಗೆಯಂತೆ ಭಾರವನ್ನು ಹೊರುತ್ತವೆ. ಇದಕ್ಕೆ ಮಾನೊಕಾಕ್ ಎಂದು ಹೆಸರು. ಏಣಿ ಚಾಸಿಸ್ಸಿನ ಗಾಡಿ ಕೆಟ್ಟ ದಾರಿಯಲ್ಲಿ ಗಟ್ಟಿ, ನಿಜ. ಆದರೆ ಅದರ ನೆಲವು ಚೌಕಟ್ಟಿನ ಮೇಲೆ ಬರುವುದರಿಂದ ಎತ್ತರದಲ್ಲಿರುತ್ತದೆ. ಹಿಂದಿನ ಗಾಲಿಗಳನ್ನು ತಿರುಗಿಸುವ ಅಚ್ಚು ಮೇಲಕ್ಕೂ ಕೆಳಕ್ಕೂ ಆಡುವುದಕ್ಕೆ ಬಿಡುವು ಬೇಕಾಗುತ್ತದೆ. ಆ ಬಿಡುವು ಬರುವುದು ಸರಿಯಾಗಿ ಮೂರನೆಯ ಸಾಲಿನ ಅಡಿಯಲ್ಲಿ.

ಅಂಕಿಗಳಿಂದ ಇದು ಇನ್ನೂ ಸ್ಪಷ್ಟವಾಗುವುದು. 2018ರಲ್ಲಿ ಬಂದ ಎರಡನೆಯ ತಲೆಮಾರಿನ ಮಾರುತಿ ಎರ್ಟಿಗದ ಉದ್ದ 4395 ಮಿಲಿಮೀಟರು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ, ಎಂದರೆ ವೀಲ್‌ಬೇಸ್, 2740 ಮಿಲಿಮೀಟರು. ಇದು ಮಾನೊಕಾಕ್ ಕಟ್ಟಡದ್ದು. 2022ರಲ್ಲಿ ಬಂದ ಮಹೀಂದ್ರ ಸ್ಕಾರ್ಪಿಯೊ-ಎನ್ ಏಣಿ ಚಾಸಿಸ್ಸಿನ ಎಸ್‌ಯುವಿ. ಅದರ ಉದ್ದ 4662, ವೀಲ್‌ಬೇಸ್ 2750. ಕಳೆದು ನೋಡಿರಿ: ಉದ್ದದಲ್ಲಿ 267 ಮಿಲಿಮೀಟರು ಹೆಚ್ಚು, ಗಾಲಿಗಳ ನಡುವಿನ ಅಂತರದಲ್ಲಿ ಬರಿಯ 10 ಹೆಚ್ಚು. ಎತ್ತರದಲ್ಲಿ ಸ್ಕಾರ್ಪಿಯೊ ಎರ್ಟಿಗಕ್ಕಿಂತ ಬಹಳ ಮೇಲಿದೆ. ಆದರೆ ಆ ಎತ್ತರದ ಒಂದು ಪಾಲು ನೆಲದಡಿಯ ಚೌಕಟ್ಟಿಗೂ ಗಾಲಿಗೂ ಹೋಗುತ್ತದೆ. ರಸ್ತೆಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಎರ್ಟಿಗ ತಮ್ಮನಂತೆ ಕಾಣುವುದು. ಆದರೂ ಮೂರನೆಯ ಸಾಲಿನಲ್ಲಿ ದೊಡ್ಡವರು ಕುಳಿತುಕೊಳ್ಳಬೇಕಾದಾಗ ತಮ್ಮನೇ ಹೆಚ್ಚು ಉದಾರಿ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕಿಂತಲೂ ಸೊಗಸಾದ ನಿದರ್ಶನವೊಂದು ನಮ್ಮ ಕನ್ನಡನಾಡಿನಲ್ಲಿಯೇ ಇದೆ. ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ಟೊಯೊಟ ಕಿರ್ಲೋಸ್ಕರ್ ಕಾರಖಾನೆಯಿದೆ. ಅಲ್ಲಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವ, 2016ರಲ್ಲಿ ಇನ್ನೋವ ಕ್ರಿಸ್ಟ ಹೊರಬಂದವು. ಮೂರೂ ಚೌಕಟ್ಟಿನ ಮೇಲೆ ಕಟ್ಟಿದ, ಹಿಂದಿನ ಗಾಲಿಗಳಿಂದ ಓಡುವ ಗಾಡಿಗಳು. 2022ರ ಕೊನೆಗೆ ಬಂದ ಇನ್ನೋವ ಹೈಕ್ರಾಸ್ ಮಾತ್ರ ಮಾನೊಕಾಕ್. ಅದರ ಮುಂದಿನ ಗಾಲಿಗಳೇ ಗಾಡಿಯನ್ನು ಎಳೆಯುತ್ತವೆ. ಕ್ರಿಸ್ಟದ ಉದ್ದ 4735, ಹೈಕ್ರಾಸಿನದು 4755. ಹೆಚ್ಚಿದ್ದು 20 ಮಿಲಿಮೀಟರು. ವೀಲ್‌ಬೇಸ್ ಮಾತ್ರ 2750ರಿಂದ 2850ಕ್ಕೆ ಏರಿತು, ಹೆಚ್ಚಿದ್ದು 100. ಹೊರಗೆ ಎರಡು ಬೆರಳಿನಷ್ಟೂ ಬೆಳೆಯದ ಗಾಡಿಯ ಗಾಲಿಗಳ ನಡುವೆ ಸುಮಾರು ಒಂದು ಗೇಣಿನ ಅರ್ಧದಷ್ಟು ಹೆಚ್ಚಿನ ಎಡೆ ದೊರೆಯಿತು, ನೆಲವೂ ತಗ್ಗಿತು.

ಮೂರನೆಯ ಸಾಲು ಎಲ್ಲಿಂದ ಬರುತ್ತದೆಂಬುದನ್ನು ಇನ್ನೆರಡು ಗಾಡಿಗಳಿಂದ ತಿಳಿಯಬಹುದು. ಟಾಟಾ ಹ್ಯಾರಿಯರ್ ಐದು ಮಂದಿಯದು, 2019ರಲ್ಲಿ ಬಂದಿತು. 2021ರಲ್ಲಿ ಅದೇ ತಳದ ಮೇಲೆ ಏಳು ಮಂದಿಯ ಸಫಾರಿಯನ್ನು ಕಟ್ಟಿದರು. ಎರಡಕ್ಕೂ ವೀಲ್‌ಬೇಸ್ 2741 ಮಿಲಿಮೀಟರೇ. ಉದ್ದ ಮಾತ್ರ 4598ರಿಂದ 4661ಕ್ಕೆ, ಎಂದರೆ 63 ಮಿಲಿಮೀಟರಿನಷ್ಟು ಬೆಳೆಯಿತು. 63 ಮಿಲಿಮೀಟರಿನಲ್ಲಿ ಇಬ್ಬರನ್ನು ಕೂರಿಸುವುದು ಸಾಧ್ಯವೇ? ಸಾಧ್ಯವಿಲ್ಲ. ಆ ಇಬ್ಬರು ಕುಳಿತಿರುವುದು ಡಿಕ್ಕಿಯಲ್ಲಿ. ಹ್ಯಾರಿಯರಿನ ಡಿಕ್ಕಿ 425 ಲೀಟರಿನದು. ಸಫಾರಿಯಲ್ಲಿ ಮೂರನೆಯ ಸಾಲನ್ನು ಮಡಚಿದರೆ 447 ಲೀಟರು. ಬಿಡಿಸಿದರೆ ಉಳಿಯುವುದು 73 ಲೀಟರು. ಅದೇ 2021ರ ಹ್ಯುಂಡೈ ಅಲ್ಕಜಾರ್ ಬೇರೊಂದು ದಾರಿ ಹಿಡಿಯಿತು. ಕ್ರೆಟದ 2610 ಮಿಲಿಮೀಟರಿನ ವೀಲ್‌ಬೇಸನ್ನು 2760ಕ್ಕೆ ಹಿಗ್ಗಿಸಿದ್ದರಿಂದ, ಮೂರನೆಯ ಸಾಲು ನಿಂತಿರುವಾಗಲೂ 180 ಲೀಟರು ಉಳಿಯಿತು.

ಕಳೆದ ವರ್ಷ ನಮ್ಮ ಎಂಟನೆಯ ತರಗತಿಯವರು ಈ ಲೆಕ್ಕವನ್ನು ಶಾಲೆಯ ಸಭಾಗೃಹದ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ನೋಡಿದರು. ಪಾಲಕರೊಬ್ಬರ ಎರ್ಟಿಗವನ್ನು ಅವರ ಒಪ್ಪಿಗೆ ಪಡೆದು ಟೇಪಿನಿಂದ ಅಳೆದು ತಂದಿದ್ದರು. 440 ಸೆಂಟಿಮೀಟರು ಉದ್ದದ ಆಯತ. ಅದರಲ್ಲಿ ಮುಂದಿನ ಬಂಪರಿನಿಂದ ಚಾಲಕನ ಹಿಮ್ಮಡಿಯವರೆಗೆ ಎಂಜಿನಿಗೆಂದು ಸುಮಾರು 125 ಹೋಯಿತು. ಹಿಮ್ಮಡಿಯಿಂದ ಚಾಲಕನ ಸೀಟಿನ ಬೆನ್ನಿನವರೆಗೆ 110. ಉಳಿದುದು 205. ದೊಡ್ಡವರೊಬ್ಬರು ಗೋಡೆಗೆ ಒರಗಿ ಕುಳಿತಾಗ ಬೆನ್ನಿನಿಂದ ಮೊಣಕಾಲಿನ ತುದಿಗೆ 55ರಿಂದ 60 ಸೆಂಟಿಮೀಟರಾಗುತ್ತದೆ. ಸೀಟಿನ ಬೆನ್ನಿನ ದಪ್ಪವನ್ನೂ ಅದರ ಓರೆಯನ್ನೂ ಸೇರಿಸಿದರೆ ಒಂದು ಸಾಲಿಗೆ 85 ಬೇಕು. ಎರಡನೆಯ ಸಾಲಿಗೆ ಅಷ್ಟನ್ನು ಕೊಟ್ಟು ಮೂರನೆಯದಕ್ಕೆ 80 ಕೊಟ್ಟಾಗ, ಸಾಮಾನಿಗೆಂದು ಉಳಿದುದು 40 ಸೆಂಟಿಮೀಟರು. ಹಿಂಬಾಗಿಲಿನ ದಪ್ಪವೂ ಅದರಲ್ಲಿಯೇ. ಅಂದಾಜಿನ ಲೆಕ್ಕವಾದರೂ ವಿಷಯ ಮನದಟ್ಟಾಯಿತು. ಬೆಂಚುಗಳನ್ನಿಟ್ಟು ಎಲ್ಲರನ್ನೂ ಕೂರಿಸಿದಾಗ ಐದನೆಯ ತರಗತಿಯ ಪುಟ್ಟ ಹುಡುಗನೊಬ್ಬನು ಮೂರನೆಯ ಸಾಲಿನಲ್ಲಿ ಹಾಯಾಗಿ ಕಾಲು ಚಾಚಿದನು. ಆಮೇಲೆ ನಮ್ಮ ವ್ಯಾಯಾಮ ಶಿಕ್ಷಕರು ಅದೇ ಜಾಗದಲ್ಲಿ ಕುಳಿತರು. ಅವರು ಆರಡಿ ಎತ್ತರದವರು. ಮಕ್ಕಳು ನಕ್ಕ ನಗೆ ಮುಖ್ಯಾಧ್ಯಾಪಕರ ಕೋಣೆಯವರೆಗೂ ಕೇಳಿಸಿತು.

ಆದರೆ ನೆಲದ ಮೇಲಿನ ರೇಖೆಗಳು ಒಂದು ಸಂಗತಿಯನ್ನು ತೋರಿಸಲಾರವು. ಅದು ಎತ್ತರ. ಮನೆಯಲ್ಲಿ ಹೀಗೊಂದು ಪ್ರಯೋಗ ಮಾಡಿರಿ. ಊಟಕ್ಕೆ ಕೂರುವ ಮಣೆಯ ಮೇಲೆ ಕುಳಿತು, ಚಕ್ಕಳಮಕ್ಕಳ ಹಾಕದೆ, ಪಾದಗಳನ್ನು ಎದುರಿನ ನೆಲದ ಮೇಲೆ ಊರಿಕೊಂಡು ಹತ್ತು ನಿಮಿಷವಿರಿ. ಮೊಣಕಾಲು ಎದೆಯ ಮಟ್ಟಕ್ಕೆ ಬರುವುದು, ತೊಡೆಗಳಿಗೆ ಆಧಾರವಿರದು, ಮೈಯ ಭಾರವೆಲ್ಲ ಸೊಂಟದ ಕೆಳಗಿನ ಎಲುಬಿನ ಮೇಲೆ ಬೀಳುವುದು. ಬಳಿಕ ಕುರ್ಚಿಯ ಮೇಲೆ ಕುಳಿತು ನೋಡಿರಿ. ಅನೇಕ ಗಾಡಿಗಳ ಮೂರನೆಯ ಸಾಲು ಕುರ್ಚಿಗಿಂತ ಮಣೆಗೇ ಹತ್ತಿರವಾದುದು. ಅದಕ್ಕೆ ಕಾರಣವೂ ಉಂಟು. ಅಲ್ಲಿ ಅಚ್ಚಿನಿಂದಾಗಿ ನೆಲ ಮೇಲೆದ್ದಿರುತ್ತದೆ; ಅಂದಕ್ಕಾಗಿ ಮಾಡು ಹಿಂದಕ್ಕೆ ಇಳಿಜಾರಾಗಿರುತ್ತದೆ. ಕೆಳಗಿನಿಂದ ನೆಲ ಒತ್ತಿ, ಮೇಲಿನಿಂದ ಮಾಡು ಒತ್ತಿದರೆ, ತಲೆ ತಾಗದಂತೆ ಮಾಡಲು ಸೀಟಿನ ಮೆತ್ತೆಯನ್ನು ತಗ್ಗಿಸುವುದೊಂದೇ ದಾರಿ. ತಲೆ ಉಳಿಯಿತು, ಮೊಣಕಾಲು ಸೋತಿತು. ಗಿಡ್ಡ ಕಾಲಿನ ಮಕ್ಕಳಿಗೆ ಇದರ ಬಾಧೆ ಕಡಿಮೆ. ಹದಿನಾಲ್ಕು ಹದಿನೈದು ವರ್ಷಕ್ಕೆ ಕಾಲು ಥಟ್ಟನೆ ಬೆಳೆಯುತ್ತದೆ. ಗಾಡಿಯೋ ಹತ್ತು ವರ್ಷ ಮನೆಯಲ್ಲಿರತಕ್ಕದ್ದು. ಇಂದು ಐದನೆಯ ತರಗತಿಯಲ್ಲಿರುವವರ ಅಳತೆಗೆ ಕೊಂಡರೆ ನಾಳೆ ಏನು ಗತಿ?

ಎಂಜಿನಿಯರುಗಳು ಈ ಅಳತೆಗಳಿಗೆ ಒಂದು ಶಾಸ್ತ್ರವನ್ನೇ ಮಾಡಿಕೊಂಡಿದ್ದಾರೆ. ಮನುಷ್ಯನಷ್ಟೇ ತೂಕದ ಬೊಂಬೆಯೊಂದನ್ನು ಸೀಟಿನಲ್ಲಿ ಕೂರಿಸಿ, ತೊಡೆಯೂ ಮುಂಡವೂ ಕೂಡುವ ಸೊಂಟದ ಕೀಲನ್ನು ಗುರುತಿಸುತ್ತಾರೆ. ಅದಕ್ಕೆ ಎಚ್-ಪಾಯಿಂಟ್ ಎಂದು ಹೆಸರು. ಅಮೆರಿಕದ ಪದ್ಧತಿಯಲ್ಲಿ, ಹರಡಿನ ಕೀಲಿನಿಂದ ಈ ಸೊಂಟದ ಕೀಲಿಗೆ ನೇರ ರೇಖೆಯೆಳೆದು, ಅದಕ್ಕೆ 254 ಮಿಲಿಮೀಟರನ್ನು ಕೂಡಿಸಿ ಕಾಲಿನ ಸ್ಥಳವೆನ್ನುವರು. ಸೊಂಟದ ಕೀಲಿನಿಂದ 8 ಡಿಗ್ರಿ ಹಿಂದಕ್ಕೆ ವಾಲಿದ ರೇಖೆಯನ್ನು ಮಾಡಿನವರೆಗೆ ಎಳೆದು, 102 ಮಿಲಿಮೀಟರನ್ನು ಕೂಡಿಸಿ ತಲೆಯ ಸ್ಥಳವೆನ್ನುವರು. ನಮ್ಮ ದೇಶದಲ್ಲಿ ಮಾರಾಟಗಾರರು ಕೊಡುವ ಕರಪತ್ರಗಳಲ್ಲಿ ಈ ಅಂಕಿಗಳು ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ, ಮೊಣಕಾಲು ಎಷ್ಟು ಮೇಲೆದ್ದಿದೆ ಎಂಬುದನ್ನು ಕಾಲಿನ ಉದ್ದದ ಆ ಒಂದೇ ಅಂಕಿ ಹೇಳಲಾರದು. ನೆಲದಿಂದ ಮೆತ್ತೆಯ ಮುಂದಂಚಿಗೆ ಎಷ್ಟಿದೆ ಎಂಬುದನ್ನು ನಾವೇ ಟೇಪಿಟ್ಟು ನೋಡಬೇಕು. ಊಟದ ಮೇಜಿನ ಕುರ್ಚಿ ನೆಲದಿಂದ ಸುಮಾರು 45 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಅದನ್ನು ನೆನಪಿಟ್ಟುಕೊಂಡು ಹೋಲಿಸಿದರೆ ಸಾಕು.

ಇನ್ನು ಜಾರುವ ಸೀಟಿನ ಮಾತು. ಎರ್ಟಿಗ, ಇನ್ನೋವ ಹೈಕ್ರಾಸ್ ಮುಂತಾದವುಗಳಲ್ಲಿ ಎರಡನೆಯ ಸಾಲು ಹಳಿಯ ಮೇಲೆ ಹಿಂದುಮುಂದಾಗಿ ಸರಿಯುತ್ತದೆ. ಇದು ಒಳ್ಳೆಯ ಅನುಕೂಲವೇ. ಆದರೆ ಇದರಿಂದ ಸ್ಥಳ ಹುಟ್ಟುವುದಿಲ್ಲ. ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆಗೆ ಹೋಗುತ್ತದೆ, ಅಷ್ಟೆ. ಮಾರಾಟದ ಮಳಿಗೆಯಲ್ಲಿ ಮೂರನೆಯ ಸಾಲನ್ನು ತೋರಿಸುವಾಗ ಎರಡನೆಯದು ಮುಂದಕ್ಕೆ ಸರಿದಿರುತ್ತದೆ. ಎರಡನೆಯದನ್ನು ತೋರಿಸುವಾಗ ಹಿಂದಕ್ಕೆ ಸರಿದಿರುತ್ತದೆ. ಎರಡನ್ನೂ ನೋಡಿದವರು ಎರಡರಲ್ಲಿಯೂ ಧಾರಾಳವಾದ ಜಾಗವಿದೆಯೆಂದು ಸಂತೋಷಪಡುತ್ತಾರೆ. ಏಳೂ ಮಂದಿ ಒಂದೇ ಸಮಯಕ್ಕೆ ಕುಳಿತು ನೋಡುವವರು ಮಾತ್ರ ಕಡಿಮೆ. ಸರಿಯಾದ ಕ್ರಮವೆಂದರೆ, ಗಾಡಿ ನಡೆಸುವವರು ಮೊದಲು ತಮ್ಮ ಸೀಟನ್ನು ತಮಗೆ ಬೇಕಾದಂತೆ ಇಟ್ಟುಕೊಳ್ಳಬೇಕು. ಅವರ ಹಿಂದೆ ಕೂರುವವರು ಆಮೇಲೆ ತಮ್ಮದನ್ನು ಸರಿಪಡಿಸಬೇಕು. ಕೊನೆಗೆ ನೀವು ಮೂರನೆಯ ಸಾಲಿಗೆ ಹೋಗಿ, ಯಾರನ್ನೂ ಮುಂದಕ್ಕೆ ಸರಿಯಿರೆಂದು ಕೇಳದೆ, ಮೊಣಕಾಲಿಗೆ ಎಷ್ಟು ಬೆರಳು ಜಾಗವಿದೆಯೆಂದು ನೋಡಬೇಕು.

ಹೋಗುವುದಾದರೂ ಹೇಗೆ? ಇದು ಸಣ್ಣ ಮಾತಲ್ಲ. ಮೂರನೆಯ ಸಾಲಿಗೆ ಪ್ರತ್ಯೇಕ ಬಾಗಿಲಿಲ್ಲ. ಎರಡನೆಯ ಸಾಲಿನ ಸೀಟನ್ನು ಮಡಚಿ, ಉಳಿದ ಕಂಡಿಯಲ್ಲಿ ಬಾಗಿ ನುಸುಳಬೇಕು. ನಿಮಗೆ ಅದು ಆಟ. ಆದರೆ ಆ ಎರಡನೆಯ ಸಾಲಿನಲ್ಲಿ ಅಜ್ಜಿ ಕುಳಿತಿದ್ದರೆ, ನೀವು ಇಳಿಯಬೇಕಾದಾಗಲೆಲ್ಲ ಮೊಣಕಾಲು ನೋವಿನ ಆ ಹಿರಿಯ ಜೀವ ಮೊದಲು ಇಳಿದು, ಬಿಸಿಲಲ್ಲಿ ನಿಂತು, ಮತ್ತೆ ಹತ್ತಬೇಕು. ಏಣಿ ಚಾಸಿಸ್ಸಿನ ಗಾಡಿಯಾದರೆ ಮೆಟ್ಟಿಲೂ ಎತ್ತರ. ಇದಕ್ಕೆ ಪರಿಹಾರವಾಗಿ ಕೆಲವು ಗಾಡಿಗಳಲ್ಲಿ ಎರಡನೆಯ ಸಾಲಿಗೆ ನಡುವೆ ದಾರಿ ಬಿಟ್ಟು ಎರಡು ಬಿಡಿ ಸೀಟುಗಳನ್ನಿಡುತ್ತಾರೆ. ಕ್ಯಾಪ್ಟನ್ ಸೀಟು ಎಂದು ಅದರ ಹೆಸರು. ಒಬ್ಬರ ಜಾಗ ಕಡಿಮೆಯಾಗುವುದು. ಆದರೆ ಅಜ್ಜಿಯನ್ನು ಏಳಿಸದೆ ಮಗು ಹಿಂದಕ್ಕೂ ಮುಂದಕ್ಕೂ ಓಡಾಡಬಹುದು. ಮನೆಯಲ್ಲಿ ಆರೇ ಮಂದಿಯಿದ್ದರೆ ನಾವು ಇದನ್ನೇ ಮೆಚ್ಚುತ್ತೇವೆ. ಅಗಲದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ಕರಪತ್ರದ ಅಗಲದಲ್ಲಿ ಬಾಗಿಲುಗಳ ದಪ್ಪ ಸೇರಿರುತ್ತದೆ, ಹಿಂದಿನ ಸಾಲಿನಲ್ಲಿ ಗಾಲಿಯ ಗೂಡು ಎರಡು ಬದಿಗಳಿಂದಲೂ ಒಳಕ್ಕೆ ಚಾಚಿರುತ್ತದೆ. ಮೂವರನ್ನು ಭುಜಕ್ಕೆ ಭುಜ ತಾಗಿಸಿ ಕೂರಿಸಿ ನೋಡಿದರೆ ತಿಳಿಯುತ್ತದೆ.

ಲೀಟರಿನ ಲೆಕ್ಕಕ್ಕೆ ಬರೋಣ. ಡಿಕ್ಕಿಯೇನು ನೀರಿನ ತೊಟ್ಟಿಯೇ, ಲೀಟರಿನಲ್ಲಿ ಅಳೆಯಲು ಎಂದು ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪ್ರಶ್ನೆ ಜಾಣತನದ್ದು. ಜರ್ಮನಿಯ ಪದ್ಧತಿಯೊಂದರಲ್ಲಿ 20 ಸೆಂಟಿಮೀಟರು ಉದ್ದ, 10 ಅಗಲ, 5 ದಪ್ಪದ ಇಟ್ಟಿಗೆಯಂಥ ತುಂಡುಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತ ಹೋಗುತ್ತಾರೆ. ಗುಣಿಸಿದರೆ 1000 ಘನ ಸೆಂಟಿಮೀಟರು, ಎಂದರೆ ಒಂದು ಲೀಟರು. ಎಷ್ಟು ತುಂಡು ಹಿಡಿಯಿತೋ ಅಷ್ಟು ಲೀಟರು. ಆದರೆ ಇಷ್ಟು ಚಿಕ್ಕ ತುಂಡು ಹೋಗುವ ಮೂಲೆಗೆ ಪೆಟ್ಟಿಗೆ ಹೋಗಲಾರದು. ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಪೆಟ್ಟಿಗೆ 55, 35, 25 ಸೆಂಟಿಮೀಟರಿನದಾದರೆ ಅದರ ಘನಫಲ ಸುಮಾರು 48 ಲೀಟರು. ಮೇಲೆ ಹೇಳಿದ 73 ಲೀಟರಿನ ಡಿಕ್ಕಿಯಲ್ಲಿ ಅಂಥದೊಂದು ಪೆಟ್ಟಿಗೆಯೂ ಒಂದೆರಡು ಕೈಚೀಲಗಳೂ ಹಿಡಿಸಬಹುದು. ಏಳು ಮಂದಿ, ಒಂದು ಪೆಟ್ಟಿಗೆ! 2018ರ ಎರ್ಟಿಗದಲ್ಲಿ 209 ಲೀಟರು, ಹೈಕ್ರಾಸಿನಲ್ಲಿ 300. ರೆನೊ ಟ್ರೈಬರ್ 2019ರಲ್ಲಿ ಬಂದಿತು. ನಾಲ್ಕು ಮೀಟರಿನೊಳಗೆಯೇ ಮೂರು ಸಾಲು ಇಟ್ಟ ಗಾಡಿಯದು. ಅದರಲ್ಲಿ 84 ಲೀಟರಾದರೂ, ಮೂರನೆಯ ಸಾಲಿನ ಸೀಟುಗಳನ್ನು ಪೂರ್ತಿ ಕಳಚಿ ಮನೆಯಲ್ಲಿಟ್ಟು ಹೋದರೆ 625 ಲೀಟರು ಸಿಗುತ್ತದೆ. ನಮ್ಮ ಮುಂಬಯಿಯ ಹಳೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಿಗೆ ಈ ಚಿಂತೆಯಿರಲಿಲ್ಲ. ಮಾಡಿನ ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆ, ಟ್ರಂಕು, ಹಲಸಿನಹಣ್ಣು ಎಲ್ಲವೂ ಹೋಗುತ್ತಿದ್ದವು. 2023ರ ಅಕ್ಟೋಬರದಲ್ಲಿ ಅವುಗಳ ಕಾಲ ಮುಗಿಯಿತು. ಮಾಡಿನ ಮೇಲೆ ಭಾರ ಹೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಹೆಚ್ಚೆಂಬುದನ್ನು ಗುರುತ್ವಕೇಂದ್ರದ ಪಾಠ ಓದಿದವರು ಬಲ್ಲರು.

ಸ್ಥಳವೆಂದರೆ ಮೈಗೆ ಬೇಕಾದುದಷ್ಟೇ ಅಲ್ಲ. ಕಣ್ಣಿಗೂ ಉಸಿರಿಗೂ ಬೇಕು. ಮೂರನೆಯ ಸಾಲಿನ ಕಿಟಕಿ ಬಹುತೇಕ ಗಾಡಿಗಳಲ್ಲಿ ತೆರೆಯುವುದಿಲ್ಲ. ತಗ್ಗಿನ ಸೀಟು, ಎತ್ತರದ ಚಿಕ್ಕ ಗಾಜು ಎರಡೂ ಸೇರಿದರೆ ಮಗುವಿಗೆ ಆಕಾಶದ ತುಣುಕಲ್ಲದೆ ಬೇರೇನೂ ಕಾಣದು. ಒಳಕಿವಿಯು ಗಾಡಿ ಓಲಾಡುತ್ತಿದೆಯೆಂದು ಹೇಳುತ್ತಿರುವಾಗ, ಕಣ್ಣು ಎದುರಿನ ಸೀಟಿನ ಬೆನ್ನನ್ನಷ್ಟೇ ನೋಡಿ ಏನೂ ಅಲುಗುತ್ತಿಲ್ಲವೆಂದು ಹೇಳುತ್ತದೆ. ಈ ಎರಡು ಸಾಕ್ಷಿಗಳ ಜಗಳದಿಂದಲೇ ವಾಂತಿ ಬರುವುದು. ಹಿಂದಿನ ಅಚ್ಚಿನ ಮೇಲೆಯೇ ಕುಳಿತಿರುವುದರಿಂದ ಕುಲುಕಾಟವೂ ಅಲ್ಲಿ ಹೆಚ್ಚು. ಆದುದರಿಂದ ತಂಪುಗಾಳಿಯ ಕಂಡಿ ಮೂರನೆಯ ಸಾಲಿಗೆ ಬೇರೆಯಾಗಿ ಇದೆಯೇ, ಕುಳಿತಲ್ಲಿಂದ ರಸ್ತೆ ಕಾಣುತ್ತದೆಯೇ ಎಂದು ನೋಡಿರಿ. ತಲೆಯ ಹಿಂದಿನ ಆಸರೆಯನ್ನು ಮೇಲಕ್ಕೆ ಎಳೆದಾಗ ಅದು ತಲೆಯ ಮಟ್ಟಕ್ಕೆ ಬರಬೇಕು, ಕತ್ತಿನ ಮಟ್ಟಕ್ಕಲ್ಲ. ಹಿಂಬಾಗಿಲಿನ ಗಾಜು ತಲೆಯಿಂದ ಎಷ್ಟು ದೂರವಿದೆ ಎಂಬುದನ್ನೂ ಅಳೆಯಿರಿ. ಹಿಂದಿನಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ನಡುವೆ ಇರುವುದು ಅಷ್ಟೇ ಎಡೆ. ಬೆಲ್ಟು ಕಟ್ಟುವುದರಲ್ಲಿ ರಿಯಾಯಿತಿ ಬೇಡ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, ಬೆಲ್ಟು ಕಟ್ಟದವನಿಗೆ 1000 ರೂಪಾಯಿ ದಂಡ. ಹದಿನಾಲ್ಕು ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ ಗಾಡಿ ನಡೆಸುವವನಿಗೂ ಅಷ್ಟೇ. ಏಳು ಬೆಲ್ಟಿನ ಗಾಡಿಯಲ್ಲಿ ಎಂಟನೆಯವರನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಆ ಮಗುವಿಗೆ ಬೆಲ್ಟೇ ಇಲ್ಲ.

ಮನೆಯವರು ಗಾಡಿ ನೋಡಲು ಹೊರಟಾಗ ನೀವೂ ಹೋಗಿರಿ. ಅಜ್ಜಿಯನ್ನೂ ಕರೆದುಕೊಂಡು ಹೋಗಿರಿ. ಊರಿಗೆ ಒಯ್ಯುವ ಪೆಟ್ಟಿಗೆಗಳಲ್ಲಿ ದೊಡ್ಡದೊಂದನ್ನು ಖಾಲಿಯಾಗಿಯೇ ಜೊತೆಯಲ್ಲಿ ಒಯ್ಯಿರಿ. ಮಳಿಗೆಯವರು ಬೇಸರಪಟ್ಟುಕೊಳ್ಳಬಹುದು, ನಾಚಬೇಕಾದುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ಮೂರನೆಯ ಸಾಲಿನಲ್ಲಿ ಬಾಗಿಲು ಮುಚ್ಚಿಕೊಂಡು ಕಾಲು ಗಂಟೆ ಕೂರಲಿ. ಎರಡು ನಿಮಿಷದಲ್ಲಿ ಯಾವ ಸೀಟೂ ನೋಯಿಸದು.

ನಮ್ಮಲ್ಲಿ ಬಹುಮಂದಿ ಗಾಡಿ ಕೊಳ್ಳುವವರಲ್ಲ, ಬಾಡಿಗೆಗೆ ಹಿಡಿಯುವವರು. ಅವರಿಗೂ ಈ ಲೆಕ್ಕ ಬೇಕು. ಬಾಡಿಗೆ ಗೊತ್ತುಮಾಡುವಾಗಲೇ ಗಾಡಿಯ ಹೆಸರು, ಎಷ್ಟು ಮಂದಿ, ಎಷ್ಟು ಪೆಟ್ಟಿಗೆ, ಮಾಡಿನ ಮೇಲೆ ಕ್ಯಾರಿಯರ್ ಇದೆಯೇ ಎಂಬುದನ್ನು ಕೇಳಿಕೊಳ್ಳಬೇಕು. ಏಳರಲ್ಲಿ ಒಂದು ಸೀಟು ಚಾಲಕನದೆಂಬುದನ್ನು ಮರೆತು ಹೊರಡುವ ಹೊತ್ತಿಗೆ ಒದ್ದಾಡಿದ ಕುಟುಂಬಗಳನ್ನು ನಾವು ಬಲ್ಲೆವು. ಪುಣೆಯ ದಾರಿಯಾಗಿ ಹುಬ್ಬಳ್ಳಿ ಧಾರವಾಡದ ಕಡೆಗೆ ಹೋಗುವವರು ಸಾತಾರೆ, ಕೊಲ್ಹಾಪುರ, ಬೆಳಗಾವಿಗಳಲ್ಲಿ ಹೇಗೂ ಇಳಿಯುತ್ತಾರೆ. ಅಲ್ಲೆಲ್ಲ ಮೂರನೆಯ ಸಾಲಿನವರು ಮುಂದಕ್ಕೆ ಬಂದು ಮುಂದಿನವರು ಹಿಂದಕ್ಕೆ ಹೋಗಲಿ. ಅಜ್ಜಿಯ ಸೀಟನ್ನೂ ಚಾಲಕನ ಸೀಟನ್ನೂ ಮಾತ್ರ ಮುಟ್ಟಬೇಡಿರಿ.